ಕಲ್ಲಿದ್ದಲಿಗೂ ಕಡ್ಡಾಯವಿತ್ತು

ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳು ಮಾರುವ ವಿದ್ಯುತ್ತಿನಲ್ಲಿ ಇಂತಿಷ್ಟು ಪಾಲು ಬಿಸಿಲು, ಗಾಳಿ, ನೀರಿನಿಂದಲೇ ಬರಬೇಕೆಂಬ ನಿಯಮವನ್ನು ಕೈಬಿಡಿ ಎನ್ನುವವರ ವಾದಗಳನ್ನು ಗಮನವಿಟ್ಟು ಓದಿದ್ದೇನೆ. ಇವರಲ್ಲಿ ಇಂಧನ ಕ್ಷೇತ್ರದಲ್ಲಿ ದುಡಿದವರಿದ್ದಾರೆ, ಕಾರ್ಖಾನೆ ನಡೆಸುವವರಿದ್ದಾರೆ, ಬಿಲ್ ಕಂಡು ಸಿಟ್ಟಾದ ಮನೆ ಗ್ರಾಹಕರೂ ಇದ್ದಾರೆ. ಅವರ ಸಿಟ್ಟಿಗೆ ಕಾರಣಗಳಿವೆ. ಆದರೆ ಅವರು ಬೊಟ್ಟು ಮಾಡುತ್ತಿರುವ ಕಾರಣ ಸರಿಯಲ್ಲ.

ಮೊದಲು ನಿಯಮ ಏನೆಂದು ನೋಡೋಣ. 2003ರ ವಿದ್ಯುತ್ ಕಾಯ್ದೆಯ 86(1)(ಇ) ಕಲಮು ನವೀಕರಿಸಬಹುದಾದ ಮೂಲಗಳಿಂದ ಖರೀದಿಸಬೇಕಾದ ಶೇಕಡಾವಾರು ಪಾಲನ್ನು ನಿಗದಿಪಡಿಸುವ ಕೆಲಸವನ್ನು ರಾಜ್ಯಗಳ ವಿದ್ಯುತ್ ನಿಯಂತ್ರಣ ಆಯೋಗಗಳಿಗೆ ವಹಿಸಿತು. ಇದೇ ಆರ್‌ಪಿಒ, ಅಂದರೆ ನವೀಕರಿಸಬಹುದಾದ ಇಂಧನ ಖರೀದಿ ಬಾಧ್ಯತೆ. 2023ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಇಂಧನ ಸಂರಕ್ಷಣಾ ಕಾಯ್ದೆಯಡಿ ಇಡೀ ದೇಶಕ್ಕೆ ಒಂದೇ ಪಟ್ಟಿ ಹೊರಡಿಸಿತು: 2024-25ರಲ್ಲಿ ಶೇ. 29.91, ಅಲ್ಲಿಂದ ವರ್ಷವರ್ಷ ಏರಿ 2029-30ಕ್ಕೆ ಶೇ. 43.33. ದೊಡ್ಡ ಜಲವಿದ್ಯುತ್ತೂ ಈ ಲೆಕ್ಕದಲ್ಲಿ ಸೇರುತ್ತದೆ.

ಎದುರಾಳಿಗಳ ಮೊದಲ ಮಾತು: ಈ ಕಡ್ಡಾಯದಿಂದಲೇ ಕರೆಂಟ್ ದುಬಾರಿಯಾಯಿತು. ಹಳೆಯ ದರಗಳನ್ನಷ್ಟೇ ಕಂಡವರಿಗೆ ಹಾಗೆ ಅನ್ನಿಸುವುದು ಸಹಜ. ರಾಷ್ಟ್ರೀಯ ಸೌರ ಮಿಷನ್ನಿನ 2010ರ ಮೊದಲ ಹರಾಜಿನಲ್ಲಿ ಸೌರ ವಿದ್ಯುತ್ತಿಗೆ ಯೂನಿಟ್ಟಿಗೆ ಹತ್ತು ರೂಪಾಯಿಗೂ ಮೇಲಿನ ದರ ಬಂತು. 2013ರಲ್ಲಿ ನಮ್ಮ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿ ನಿಗದಿಪಡಿಸಿದ ದರ 8 ರೂಪಾಯಿ 40 ಪೈಸೆ. ಆ ಕಾಲದಲ್ಲಿ ಸಹಿಯಾದ ಒಪ್ಪಂದಗಳು ಇಪ್ಪತ್ತೈದು ವರ್ಷದವು, ಅವುಗಳ ಭಾರ ಎಸ್ಕಾಂಗಳ ಮೇಲೆ ಇನ್ನೂ ಇದೆ. ಇದನ್ನು ಮರೆಮಾಚುವುದು ನ್ಯಾಯವಲ್ಲ. ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾ ಹರಾಜಿನಲ್ಲಿ ದರ 2 ರೂಪಾಯಿ 44 ಪೈಸೆಗೆ ಇಳಿಯಿತು. 2020ರ ಡಿಸೆಂಬರ್‌ನಲ್ಲಿ ಗುಜರಾತಿನ ಹರಾಜು 1 ರೂಪಾಯಿ 99 ಪೈಸೆ ಕಂಡಿತು.

ದರ ಇಳಿದದ್ದು ಚೀನಾದ ಕಾರ್ಖಾನೆಗಳಿಂದ, ನಿಮ್ಮ ಕಡ್ಡಾಯದಿಂದಲ್ಲ ಎನ್ನುವವರಿದ್ದಾರೆ. ಫಲಕಗಳು ಅಗ್ಗವಾದದ್ದು ಅಲ್ಲಿಯೇ, ನಿಜ. ಆ ಕಾರ್ಖಾನೆಗಳು ಅಷ್ಟು ದೊಡ್ಡದಾಗಿ ಬೆಳೆದದ್ದಾದರೂ ಯಾರ ಬೇಡಿಕೆಯ ಮೇಲೆ? ಜರ್ಮನಿ 2000ದಲ್ಲಿ ಕಾನೂನು ಮಾಡಿ ಗ್ರಿಡ್ ಕಂಪನಿಗಳು ಸೌರ ವಿದ್ಯುತ್ತನ್ನು ನಿಗದಿತ ದರಕ್ಕೆ ಕೊಳ್ಳಲೇಬೇಕೆಂದಿತು. ಒಂದು ದೇಶದ ಕಡ್ಡಾಯ ಇನ್ನೊಂದು ದೇಶದ ಬೆಲೆಯನ್ನು ಇಳಿಸಿತು. ನಮ್ಮಲ್ಲಿ ನಡೆದದ್ದು ಅದರ ಮುಂದಿನ ಹಂತ: ಕೊಳ್ಳುವವರು ಖಚಿತವಾಗಿ ಇದ್ದಾರೆಂದು ಗೊತ್ತಾದ ಮೇಲೆ ಬ್ಯಾಂಕುಗಳು ಸಾಲ ಕೊಟ್ಟವು, ಬಡ್ಡಿ ಇಳಿಯಿತು. ಸೌರ ಸ್ಥಾವರದ ಖರ್ಚೆಲ್ಲ ಮೊದಲ ದಿನವೇ ಆಗುವುದರಿಂದ ಯೂನಿಟ್ ದರದಲ್ಲಿ ಬಡ್ಡಿಯ ಪಾಲು ಬಹಳ ದೊಡ್ಡದು.

ಎರಡನೆಯ ವಾದವೇ ಅತಿ ಮುಖ್ಯವಾದದ್ದು, ಅದರ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. 'ಸೌರ ವಿದ್ಯುತ್ ಅಷ್ಟೊಂದು ಅಗ್ಗವಾದರೆ ಕಡ್ಡಾಯ ಏಕೆ? ಮಾರುಕಟ್ಟೆಗೆ ಬಿಡಿ. ಅಗ್ಗವಾದದ್ದನ್ನು ಎಸ್ಕಾಂಗಳೇ ಕೊಳ್ಳುತ್ತವೆ.' ಕೇಳಲು ಚೆನ್ನಾಗಿದೆ. ಆದರೆ ಈ ಮಾತು ಹೇಳುವ ಮಾರುಕಟ್ಟೆ ನಮ್ಮ ವಿದ್ಯುತ್ ಕ್ಷೇತ್ರದಲ್ಲಿ ಎಂದೂ ಇರಲಿಲ್ಲ.

ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. ಆದರೂ ರಾಯಚೂರಿನಲ್ಲಿ 1720 ಮೆಗಾವಾಟ್, ಬಳ್ಳಾರಿಯಲ್ಲಿ 1700, ಯರಮರಸಿನಲ್ಲಿ 1600 ಮೆಗಾವಾಟ್ ಸ್ಥಾವರಗಳನ್ನು ಸರ್ಕಾರವೇ ಕಟ್ಟಿತು. ಕಲ್ಲಿದ್ದಲು ಹೊರರಾಜ್ಯಗಳ ಗಣಿಗಳಿಂದ ರೈಲಿನಲ್ಲಿ ಬರುತ್ತದೆ. ಈ ಸ್ಥಾವರಗಳೊಂದಿಗೆ ಎಸ್ಕಾಂಗಳು ಮಾಡಿಕೊಂಡ ದೀರ್ಘಾವಧಿ ಒಪ್ಪಂದಗಳಲ್ಲಿ ಎರಡು ಬಗೆಯ ಪಾವತಿ ಇದೆ. ಒಂದು, ಸುಟ್ಟ ಇಂಧನದ ಬೆಲೆ. ಇನ್ನೊಂದು, ಸ್ಥಿರ ವೆಚ್ಚ. ಸ್ಥಾವರ ಸಿದ್ಧವಾಗಿ ನಿಂತಿದ್ದರೆ ಸಾಕು, ಒಂದು ಯೂನಿಟ್ಟನ್ನೂ ಕೊಳ್ಳದಿದ್ದರೂ ಸ್ಥಿರ ವೆಚ್ಚ ಕಟ್ಟಲೇಬೇಕು. ಯರಮರಸು ಶುರುವಾದಂದಿನಿಂದ ಹಲವು ವರ್ಷ ತನ್ನ ಸಾಮರ್ಥ್ಯಕ್ಕಿಂತ ಬಹಳ ಕಡಿಮೆ ಓಡಿತು. ಅದರ ಸಾಲ, ಬಡ್ಡಿ, ಸಂಬಳದ ಲೆಕ್ಕ ಮಾತ್ರ ಓಡುತ್ತಲೇ ಇತ್ತು. ಕಟ್ಟಿದವರು ನೀವು, ನಾನು. ಕೊಳ್ಳದ ಸರಕಿಗೆ ದಶಕಗಳ ಕಾಲ ದುಡ್ಡು ಕಟ್ಟುವ ಕಟ್ಟುಪಾಡಿಗೆ ಕಡ್ಡಾಯ ಎನ್ನದೆ ಇನ್ನೇನು ಹೇಳಬೇಕು?

ಇಂಧನದ ಬೆಲೆಯ ಕಡೆಯೂ ಹಾಗೆಯೇ. ಕಲ್ಲಿದ್ದಲು ದುಬಾರಿಯಾದರೆ ಆ ಹೆಚ್ಚಳ ಹೊಂದಾಣಿಕೆ ಶುಲ್ಕದ ರೂಪದಲ್ಲಿ ನೇರವಾಗಿ ಗ್ರಾಹಕರ ಬಿಲ್ಲಿಗೆ ಬಂದು ಸೇರುತ್ತದೆ. ಬೆಲೆ ಏರಿಕೆಯ ಅಪಾಯವನ್ನು ತಾನು ಹೊರದ ಖರೀದಿದಾರ ಅಗ್ಗದ ಮೂಲವನ್ನು ಹುಡುಕಿಕೊಂಡು ಹೋಗುತ್ತಾನೆಂದು ನಂಬಲು ಕಾರಣವಿಲ್ಲ. ಬಿಸಿಲಿಗೆ ಇಂಧನದ ಬಿಲ್ಲಿಲ್ಲ. ಇಂದು ಸಹಿಯಾದ ದರ ಇಪ್ಪತ್ತೈದು ವರ್ಷವೂ ಅದೇ ದರ. ಈ ಸ್ಥಿರತೆಗೆ ಬೆಲೆ ಕಟ್ಟುವ ವ್ಯವಸ್ಥೆ ಎಸ್ಕಾಂಗಳ ಲೆಕ್ಕಪುಸ್ತಕದಲ್ಲಿ ಇಲ್ಲ, ಹಾಗಾಗಿ ಅದನ್ನು ನಿಯಮದಿಂದಲೇ ತರಬೇಕಾಯಿತು.

2022ರ ಬೇಸಿಗೆಯನ್ನು ನೆನಪಿಸಿಕೊಳ್ಳಿ. ದೇಶದಲ್ಲಿ ಕಲ್ಲಿದ್ದಲಿನ ಕೊರತೆ ಬಿದ್ದಾಗ ಕೇಂದ್ರ ವಿದ್ಯುತ್ ಸಚಿವಾಲಯ ಶೇ. 10ರಷ್ಟು ಆಮದು ಕಲ್ಲಿದ್ದಲನ್ನು ಬೆರೆಸಿ ಉರಿಸಬೇಕೆಂದು ರಾಜ್ಯಗಳಿಗೆ ತಾಕೀತು ಮಾಡಿತು. ಆಮದು ಕಲ್ಲಿದ್ದಲಿನ ಬೆಲೆ ಆಗ ದೇಶೀಯ ಕಲ್ಲಿದ್ದಲಿನ ಹಲವು ಪಟ್ಟು ಇತ್ತು. ಅದೇ ಮೇ ತಿಂಗಳಲ್ಲಿ ವಿದ್ಯುತ್ ಕಾಯ್ದೆಯ 11ನೇ ಕಲಮನ್ನು ಬಳಸಿ, ಆಮದು ಕಲ್ಲಿದ್ದಲಿನ ಸ್ಥಾವರಗಳು ಪೂರ್ಣ ಸಾಮರ್ಥ್ಯದಲ್ಲಿ ಓಡಲೇಬೇಕೆಂದು ಆದೇಶವಾಯಿತು. ಸೌರ ಬಾಧ್ಯತೆಯ ವಿರುದ್ಧ ಮಾರುಕಟ್ಟೆಯ ಸ್ವಾತಂತ್ರ್ಯ ಬೇಡುವವರು ಆ ಎರಡು ಆದೇಶಗಳ ವಿರುದ್ಧವೂ ಅಷ್ಟೇ ಗಟ್ಟಿಯಾಗಿ ದನಿ ಎತ್ತಬೇಕಿತ್ತು. ಕಡ್ಡಾಯ ಬೇಕೇ ಬೇಡವೇ ಎಂಬುದು ನಮ್ಮ ಮುಂದಿರುವ ಪ್ರಶ್ನೆಯೇ ಅಲ್ಲ. ಯಾವ ಇಂಧನಕ್ಕೆ ಕಡ್ಡಾಯ, ಅದರ ಲೆಕ್ಕ ಎಷ್ಟು ಬಯಲಾಗಿದೆ ಎಂಬುದೇ ಪ್ರಶ್ನೆ. ಆರ್‌ಪಿಒ ಕನಿಷ್ಠಪಕ್ಷ ಗೆಜೆಟ್ಟಿನಲ್ಲಿ ಅಂಕಿಯಾಗಿ ನಿಂತಿದೆ.

ಕಡ್ಡಾಯವೆಂಬುದೇ ವ್ಯಾಪಾರದ ಹಕ್ಕಿನ ಉಲ್ಲಂಘನೆ ಎಂಬ ವಾದ ಸುಪ್ರೀಂ ಕೋರ್ಟಿನವರೆಗೂ ಹೋಗಿ ಬಂದಿದೆ. ಸ್ವಂತ ಬಳಕೆಗೆ ಸ್ಥಾವರ ಇಟ್ಟುಕೊಂಡಿದ್ದ ಹಿಂದೂಸ್ತಾನ್ ಜಿಂಕ್ ಮುಂತಾದ ಕಂಪನಿಗಳು ರಾಜಸ್ಥಾನದ ಆಯೋಗದ ನಿಯಮವನ್ನು ಪ್ರಶ್ನಿಸಿದ್ದವು. 2015ರ ಮೇನಲ್ಲಿ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯಿತು.

ಮೂರನೆಯದು ಎಲ್ಲರಿಗೂ ಬಾಯಿಪಾಠವಾದ ಮಾತು: ಸಂಜೆ ಸೂರ್ಯ ಮುಳುಗಿದ ಮೇಲೆ ಏನು ಮಾಡುತ್ತೀರಿ? 2023ರ ಬರದ ಸಂಜೆಗಳನ್ನು ಇದಕ್ಕೆ ಸಾಕ್ಷಿಯಾಗಿ ತರುತ್ತಾರೆ. ಆ ವರ್ಷ ಪಂಪ್‌ಸೆಟ್ಟುಗಳಿಗೆ ಏಳು ಗಂಟೆಯ ಬದಲು ಐದು ಗಂಟೆ ಕೊಡಬೇಕಾಯಿತು. ಸ್ಥಾವರಗಳಿಗೆ ಆದೇಶ ಕೊಡಲು ರಾಜ್ಯ ಸರ್ಕಾರವೂ ಅದೇ 11ನೇ ಕಲಮನ್ನು ಬಳಸಬೇಕಾಯಿತು. ಆದರೆ ಕೈಕೊಟ್ಟದ್ದು ಬಿಸಿಲಲ್ಲ, ಮಳೆ. ಜಲಾಶಯಗಳು ತುಂಬಲಿಲ್ಲ. ಮಳೆ ಇಲ್ಲದ ಹೊಲಕ್ಕೆ ನೀರು ಹಾಯಿಸಲು ಮಳೆಗಾಲದಲ್ಲೇ ಪಂಪ್‌ಗಳು ಓಡಿದವು, ಬೇಡಿಕೆ ಮೇಲೇರಿತು.

ನಮ್ಮ ರಾಜ್ಯದ ಪ್ರಕೃತಿಯೇ ಈ ಪ್ರಶ್ನೆಗೆ ಅರ್ಧ ಉತ್ತರ ಕೊಡುತ್ತದೆ. ಚಿತ್ರದುರ್ಗ, ಗದಗದ ಗುಡ್ಡಗಳಲ್ಲಿ ಗಾಳಿ ಬಿರುಸಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮೋಡ ಕವಿದು ಸೌರ ಉತ್ಪಾದನೆ ಇಳಿಯುವ ತಿಂಗಳುಗಳಲ್ಲಿಯೇ. ಹಗಲಲ್ಲಿ ಬಿಸಿಲಿನ ವಿದ್ಯುತ್ ಇದ್ದಷ್ಟೂ ಹೊತ್ತು ಲಿಂಗನಮಕ್ಕಿಯ ನೀರನ್ನು ಉಳಿಸಿಕೊಂಡು, ಅದನ್ನು ಸಂಜೆ ಶರಾವತಿಯ 1035 ಮೆಗಾವಾಟ್ ಯಂತ್ರಗಳಿಗೆ ಬಿಡಬಹುದು. ನೀರಿನ ಯಂತ್ರ ಕೆಲವೇ ನಿಮಿಷಗಳಲ್ಲಿ ಏರುತ್ತದೆ, ಇಳಿಯುತ್ತದೆ. ಕಲ್ಲಿದ್ದಲಿನ ಬಾಯ್ಲರಿಗೆ ಆ ಚುರುಕಿಲ್ಲ. ಇನ್ನರ್ಧ ಉತ್ತರ ಬ್ಯಾಟರಿಯದು. 2022ರಲ್ಲಿ ಕೇಂದ್ರದ ಸೌರ ಇಂಧನ ನಿಗಮ ಸೆಕಿ ನಡೆಸಿದ ದೊಡ್ಡ ಹರಾಜಿನಲ್ಲಿ ಒಂದು ಮೆಗಾವಾಟ್‌ಗೆ ತಿಂಗಳ ಬಾಡಿಗೆ ಹತ್ತು ಲಕ್ಷ ರೂಪಾಯಿ ದಾಟಿತ್ತು. 2025ರ ಹರಾಜುಗಳಲ್ಲಿ ಅದು ಎರಡೂವರೆ ಲಕ್ಷಕ್ಕಿಂತ ಕೆಳಗೆ ಬಂದಿದೆ.

ಇಲ್ಲಿ ನನ್ನ ಕಡೆಯವರಿಗೂ ಒಂದು ಮಾತು. ಸಂಗ್ರಹದ ಹೆಸರಿನಲ್ಲಿ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದೊಳಗೆ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ತರುವುದನ್ನು ನಾನು ಒಪ್ಪುವುದಿಲ್ಲ. ನಾಡಿಗೆ ದೀಪ ಕೊಡಲು ಮನೆಮಠ ಮುಳುಗಿಸಿಕೊಂಡ ಆ ಕಣಿವೆಯ ಜನರಿಂದ ಮತ್ತೆ ತ್ಯಾಗ ಕೇಳುವುದು ಅನ್ಯಾಯ. ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಜುಲೈ ಆದೇಶ ಇಂಧನ ಸಂಗ್ರಹಕ್ಕೂ ಒಂದು ಬಾಧ್ಯತೆ ಹೇಳಿತು. ಅದನ್ನು ಮಳೆಕಾಡಿನಲ್ಲೇ ಪೂರೈಸಿ ಎಂದು ಎಲ್ಲಿಯೂ ಹೇಳಿಲ್ಲ.

ಹಗಲಿನ ವಿದ್ಯುತ್ತಿನ ಬಗ್ಗೆ ಎದುರಾಳಿಗಳು ಮಾತೇ ಆಡುವುದಿಲ್ಲ, ನನಗೆ ಅತಿ ಮುಖ್ಯವೆನಿಸುವುದು ಅದೇ. ಮೂವತ್ತು ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್ಟುಗಳಿರುವ ರಾಜ್ಯ ನಮ್ಮದು. ತ್ರೀ ಫೇಸ್ ಕರೆಂಟ್ ರಾತ್ರಿ ಬಂದರೆ ರೈತ ರಾತ್ರಿಯೇ ತೋಟಕ್ಕೆ ಹೋಗಬೇಕು: ಕತ್ತಲಲ್ಲಿ ಒದ್ದೆ ನೆಲ, ಸ್ಟಾರ್ಟರ್ ಪೆಟ್ಟಿಗೆ, ಕಾಲಡಿಯ ಹಾವು. ಸೌರ ವಿದ್ಯುತ್ ಹೆಚ್ಚಾದ ಮೇಲೆ ಪಂಪ್‌ಸೆಟ್ಟಿನ ಸರದಿಯನ್ನು ಹಗಲಿಗೆ ತರಲು ಸಾಧ್ಯವಾಯಿತು. 2024ರ ಬೇಸಿಗೆಯಲ್ಲಿ ರಾಜ್ಯದ ಬೇಡಿಕೆ 17,000 ಮೆಗಾವಾಟ್ ದಾಟಿದಾಗ ಆ ಏರಿಕೆಯನ್ನು ಹೊತ್ತದ್ದರಲ್ಲಿ ಹಗಲಿನ ಬಿಸಿಲಿನ ಪಾಲು ದೊಡ್ಡದು.

ಭೂಮಿಯ ಪ್ರಶ್ನೆಗೆ ಬರೋಣ. ಪಾವಗಡದ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಊರುಗಳಲ್ಲಿ ಸುಮಾರು 13,000 ಎಕರೆಯಲ್ಲಿ 2050 ಮೆಗಾವಾಟ್‌ನ ಸೌರ ಪಾರ್ಕ್ ಹರಡಿದೆ. ಅಲ್ಲಿ ಭೂಸ್ವಾಧೀನ ಮಾಡಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಬರಕ್ಕೆ ಹೆಸರಾದ ಸೀಮೆಯಲ್ಲಿ ಜಮೀನಿದ್ದವರಿಗೆ ಇದು ಆಧಾರವಾಯಿತು. ಜಮೀನಿಲ್ಲದವರಿಗೆ ಏನೂ ಆಗಲಿಲ್ಲ. ಕೂಲಿ ಹೋಯಿತು, ಕುರಿ ಮೇಯಿಸುವ ಬಯಲು ಬೇಲಿಯೊಳಗೆ ಸೇರಿತು. ಈ ಆಕ್ಷೇಪ ಪೂರ್ತಿ ನಿಜ, ಅದಕ್ಕೆ ನಾನು ಸಮಾಧಾನ ಹೇಳಲಾರೆ.

ಆದರೆ ಆ ತಪ್ಪು ಖರೀದಿ ಬಾಧ್ಯತೆಯಿಂದ ಹುಟ್ಟಿದ್ದಲ್ಲ, ಒಂದೇ ಕಡೆ ದೊಡ್ಡದಾಗಿ ಕಟ್ಟುವ ಹಟದಿಂದ ಹುಟ್ಟಿದ್ದು. 2023ರ ಅಧಿಸೂಚನೆಯಲ್ಲಿ ಚದುರಿದ ಸಣ್ಣ ಘಟಕಗಳಿಗೆಂದೇ ಪ್ರತ್ಯೇಕ ಪಾಲಿದೆ: 2024-25ಕ್ಕೆ ಶೇ. 1.5, 2029-30ಕ್ಕೆ ಶೇ. 4.5. ಚಾವಣಿಯ ಫಲಕ, ಊರಿನ ಸಬ್‌ಸ್ಟೇಷನ್ ಪಕ್ಕದ ಸಣ್ಣ ಘಟಕ ಇಂಥವು ಇದರಲ್ಲಿ ಬರುತ್ತವೆ. ಭೂಮಿಯ ಬಗ್ಗೆ ಕಾಳಜಿ ಇರುವವರು ಈ ಪಾಲನ್ನು ಹಿಗ್ಗಿಸಿ ಎಂದು ಕೇಳಬೇಕು. ಬಾಧ್ಯತೆಯನ್ನೇ ಕಿತ್ತುಹಾಕಿದರೆ ಈ ಶೇ. 4.5 ಕೂಡ ಹೋಗುತ್ತದೆ, ಉಳಿಯುವುದು ಅತಿ ದೊಡ್ಡ ಕಂಪನಿಯ ಅತಿ ದೊಡ್ಡ ಪಾರ್ಕ್ ಮಾತ್ರ. ಕಲ್ಲಿದ್ದಲೂ ನೆಲ ನುಂಗುತ್ತದೆ: ಗಣಿಯಲ್ಲಿ, ಹಾರುಬೂದಿಯ ಹೊಂಡದಲ್ಲಿ. ರಾಯಚೂರಿನ ಸುತ್ತಲ ಹಳ್ಳಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ರಾಜ್ಯಗಳ ಅಧಿಕಾರಕ್ಕೆ ಕೇಂದ್ರ ಕೈ ಹಾಕಿದೆ ಎಂಬ ದೂರಿನಲ್ಲಿ ಹುರುಳಿದೆ. ವಿದ್ಯುತ್ ಸಮವರ್ತಿ ಪಟ್ಟಿಯ ವಿಷಯ, ಕೆಇಆರ್‌ಸಿಯೊಂದಿಗೆ ಸಮಾಲೋಚಿಸಿ ಪಾಲು ನಿಗದಿಪಡಿಸುವುದು ಒಳ್ಳೆಯ ಪದ್ಧತಿ. ಆದರೂ ಈ ಪಟ್ಟಿಯಿಂದ ನಷ್ಟವಾಗುವ ರಾಜ್ಯ ನಮ್ಮದಲ್ಲ. ನೀರು, ಗಾಳಿ, ಬಿಸಿಲು ಮೂರೂ ಇರುವ ನಾವು ಮಾರುವ ಜಾಗದಲ್ಲಿದ್ದೇವೆ.

ಕೊನೆಯದು, ಯಾರೂ ಪಾಲಿಸದ ನಿಯಮ ಏಕೆ ಎಂಬ ಮಾತು. ಹತ್ತು ವರ್ಷದ ಹಿಂದೆ ಇದು ನಿಜವಾಗಿತ್ತು. 2011ರಿಂದ ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ ಮಾರಾಟಕ್ಕಿಟ್ಟ, ಬಾಧ್ಯತೆ ಪೂರೈಸಲು ಕೊಳ್ಳಬಹುದಾದ ನವೀಕರಿಸಬಹುದಾದ ಇಂಧನ ಪ್ರಮಾಣಪತ್ರಗಳು ಕೊಳ್ಳುವವರಿಲ್ಲದೆ ರಾಶಿ ಬಿದ್ದವು. ಹಲವು ರಾಜ್ಯಗಳ ಆಯೋಗಗಳು ಬಾಕಿಯನ್ನು ವರ್ಷದಿಂದ ವರ್ಷಕ್ಕೆ ಮುಂದೂಡಿದವು. ಈಗ ಇಂಧನ ಸಂರಕ್ಷಣಾ ಕಾಯ್ದೆಯ 26ನೇ ಕಲಮಿನಡಿ ದಂಡವಿದೆ. ಆದರೆ ದಂಡ ಯಾರ ಜೇಬಿನಿಂದ ಹೋಗುತ್ತದೆ ಎಂಬುದನ್ನು ಗಮನಿಸಬೇಕು. ಎಸ್ಕಾಂ ಕಟ್ಟಿದ ದಂಡವನ್ನು ಮುಂದಿನ ವರ್ಷದ ವೆಚ್ಚಕ್ಕೆ ಸೇರಿಸಿ ದರ ಏರಿಸಿದರೆ ಶಿಕ್ಷೆ ಗ್ರಾಹಕರಿಗೇ ಆಗುತ್ತದೆ. ದರ ಪರಿಷ್ಕರಣೆಗೆ ಮುನ್ನ ಕೆಇಆರ್‌ಸಿ ನಡೆಸುವ ಸಾರ್ವಜನಿಕ ವಿಚಾರಣೆಯಲ್ಲಿ ಯಾವ ಗ್ರಾಹಕನೂ ಆಕ್ಷೇಪ ಸಲ್ಲಿಸಬಹುದು. ಬಾಧ್ಯತೆಯನ್ನು ವಿರೋಧಿಸುವವರೂ ಬೆಂಬಲಿಸುವವರೂ ಅಲ್ಲಿ ಜೊತೆಯಾಗಿ ಕೇಳಬಹುದಾದದ್ದು ಎರಡಿದೆ: ಓಡದ ಸ್ಥಾವರಗಳಿಗೆ ಕಟ್ಟಿದ ಸ್ಥಿರ ವೆಚ್ಚವನ್ನು ಸ್ಥಾವರವಾರು ಪ್ರಕಟಿಸಬೇಕು, ಆರ್‌ಪಿಒ ದಂಡದ ಒಂದು ಪೈಸೆಯನ್ನೂ ದರದಲ್ಲಿ ವಸೂಲಿ ಮಾಡಬಾರದು.