ಹಕ್ಕುಪತ್ರ ಅವಳ ಹೆಸರಿಗೆ, ಬೀಗದ ಕೈ ಅವನ ಉಡಿದಾರಕ್ಕೆ

"ಅಕ್ಕಾ, ಹೊಸ ಬೀಗಾನೇ ತರ್ಲಾ, ಇಲ್ಲ ಇದ್ದ ಬೀಗಕ್ಕೇ ಬೇರೆ ಕೈ ಮಾಡಿಸ್ಲಾ?"

ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ವಾರದ ಸಭೆ ಮುಗಿಯುವ ಹೊತ್ತಿಗೆ ಒಬ್ಬ ಸದಸ್ಯೆ ಕೇಳಿದ ಪ್ರಶ್ನೆ ಇದು. ಉಳಿತಾಯದ ಹಣ ಎಣಿಸಿ ಆಗಿತ್ತು, ನಡಾವಳಿ ಪುಸ್ತಕಕ್ಕೆ ಸಹಿ ಬಿದ್ದಿತ್ತು, ಒಬ್ಬಿಬ್ಬರು ಎದ್ದು ಸೀರೆ ಕೊಡವಿಕೊಳ್ಳುತ್ತಿದ್ದರು. ಮೊದಲು ಎಲ್ಲರೂ ನಕ್ಕರು. ಬೀಗ ಕೊಳ್ಳುವುದಕ್ಕೂ ಸಂಘದ ಅಪ್ಪಣೆ ಬೇಕೇನೇ? ಆಮೇಲೆ ಅವಳ ಮುಖ ನೋಡಿ ನಗು ನಿಂತಿತು.

ಗಂಡ ಆರು ತಿಂಗಳಿಂದ ಹಿರಿಯೂರಿನಲ್ಲಿ ಅಣ್ಣನ ಮನೆಯಲ್ಲಿದ್ದಾನೆ. ಮನಸ್ಸು ಬಂದಾಗ ಬರುತ್ತಾನೆ. ಅವಳು ಅಡಿಕೆ ಸುಲಿಯಲು ಹೋದ ಹೊತ್ತು ನೋಡಿ ಬಾಗಿಲು ತೆಗೆದು, ಕೈಗೆ ಸಿಕ್ಕಿದ್ದನ್ನು ಮಾರಿ ಕುಡಿಯುತ್ತಾನೆ. ಒಮ್ಮೆ ಅಕ್ಕಿ ಹೋಯಿತು, ಒಮ್ಮೆ ಗ್ಯಾಸ್ ಸಿಲಿಂಡರು ಹೋಯಿತು, ಕೊನೆಗೆ ತವರಿನವರು ಕೊಟ್ಟಿದ್ದ ತಾಮ್ರದ ಹಂಡೆ. ಹಂಡೆ ಎಲ್ಲಿ ಎಂದು ಅವಳು ಕೇಳಿದ್ದಕ್ಕೆ ಮರುದಿನ ರಾತ್ರಿ ಮನೆಯೊಳಗೇ ಕಾದು ಕೂತಿದ್ದು ಹೊಡೆದ. ಬಾಗಿಲು ಒಡೆದು ಬಂದವನಲ್ಲ, ಬೀಗದ ಕೈ ಹಾಕಿ ತೆಗೆದು ಬಂದವನು.

ಮನೆ ಯಾರ ಹೆಸರಿನಲ್ಲಿದೆ ಎಂದು ಕೇಳಿದೆವು. ಅವಳದೇ. ವಸತಿ ಯೋಜನೆಯಲ್ಲಿ ಬಂದ ಮನೆ. ಹಕ್ಕುಪತ್ರದಲ್ಲಿ ಅವಳ ಹೆಸರು, ಅವಳ ಫೋಟೊ, ಕಂದಾಯದ ರಸೀದಿಯೂ ಅವಳ ಹೆಸರಿಗೆ. ಬೀಗದ ಕೈ ಮಾತ್ರ ಗೃಹಪ್ರವೇಶದ ದಿನದಿಂದ ಅವನ ಉಡಿದಾರದಲ್ಲಿ. ಅವಳ ಹತ್ತಿರ ಇದ್ದದ್ದು ಆಮೇಲೆ ಮಾಡಿಸಿಕೊಂಡ ನಕಲಿ ಕೈ.

ಗೆಳತಿಯರೇ, ನಮ್ಮಲ್ಲಿ ಎಷ್ಟು ಮನೆಗಳ ಕತೆ ಇದೇ ಅಲ್ಲವೇ? ಬಡವರಿಗೆ ಕಟ್ಟಿಸುವ ಮನೆಯನ್ನು ಹೆಂಗಸಿನ ಹೆಸರಿಗೇ ಕೊಡಬೇಕು ಎಂದು ಸರಕಾರದ ವಸತಿ ಯೋಜನೆಗಳು ಹೇಳುತ್ತ ಬಂದಿವೆ. ಹಂಚುವ ದಿನ ವೇದಿಕೆಯ ಮೇಲೆ ಆಳೆತ್ತರದ ರಟ್ಟಿನ ಬೀಗದ ಕೈಯೊಂದನ್ನು ಮಂತ್ರಿಗಳು ಅವಳ ಕೈಗೆ ಕೊಟ್ಟು ಫೋಟೊ ತೆಗೆಸಿಕೊಳ್ಳುವುದೂ ಉಂಟು. ರಟ್ಟಿನದು ಅವಳಿಗೆ. ಕಬ್ಬಿಣದ್ದು ಯಾರಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ.

ನಮಗೆ ಬೀಗದ ಕೈಯ ವಿಚಾರ ಗೊತ್ತಿಲ್ಲವೆಂದಲ್ಲ. ಮೈರಾಡ ಸಂಸ್ಥೆ ಹೊಳಲ್ಕೆರೆ ಸೀಮೆಯಲ್ಲಿ ಸಂಘ ಕಟ್ಟುತ್ತಿದ್ದ ಕಾಲವನ್ನು ಕಂಡ ಹಿರಿಯರಿಗೂ, 2000-01ರಲ್ಲಿ ಸ್ತ್ರೀಶಕ್ತಿ ಬಂದ ಮೇಲೆ ಸಂಘ ಸೇರಿದವರಿಗೂ ಒಂದು ನಿಯಮ ಬಾಯಿಪಾಠ: ಹಣದ ಪೆಟ್ಟಿಗೆ ಒಬ್ಬಳ ಮನೆಯಲ್ಲಿ, ಅದರ ಬೀಗದ ಕೈ ಇನ್ನೊಬ್ಬಳ ಹತ್ತಿರ. ಯಾರನ್ನೋ ಕಳ್ಳಿ ಎಂದಲ್ಲ, ಎಲ್ಲ ಒಬ್ಬರ ಕೈಗೇ ಹೋಗಬಾರದು ಎಂದು. ಹತ್ತಿಪ್ಪತ್ತು ಸಾವಿರ ರೂಪಾಯಿಗೆ ಇಷ್ಟು ಯೋಚಿಸುವ ನಾವು, ಮಕ್ಕಳೂ ನಾವೂ ಮಲಗುವ ಮನೆಯ ಬಾಗಿಲಿಗೆ ಈ ಪ್ರಶ್ನೆಯನ್ನು ಹಾಕಿಕೊಂಡೇ ಇಲ್ಲ. ಎಷ್ಟು ಕೈಗಳಿವೆ, ಯಾರು ಯಾರ ಹತ್ತಿರ ಇವೆ? ಇವತ್ತು ಮನೆಗೆ ಹೋಗಿ ಎಣಿಸಿ ನೋಡಿ.

ಅವಳ ಪ್ರಶ್ನೆಗೆ ಬರುತ್ತೇನೆ. ಬಾಗಿಲಿಗೆ ನೇತುಹಾಕುವ ಬೀಗವಾದರೆ ಹೊಸದೇ ತರಬೇಕು. ಆ ಬೀಗದ ಒಳಗೆ ಲಿವರುಗಳಿರುತ್ತವೆ, ಎಷ್ಟಿವೆ ಎಂದು ಮೇಲೆಯೇ ಕೆತ್ತಿರುತ್ತಾರೆ. ಅದನ್ನು ರಿವೆಟ್ ಬಡಿದು ಮುಚ್ಚಿರುವುದರಿಂದ ಬಿಚ್ಚಿಸಿ ಒಳಗಿನದನ್ನು ಬದಲಾಯಿಸುವ ಕೂಲಿಗೆ ಇನ್ನೊಂದಿಷ್ಟು ಸೇರಿಸಿದರೆ ಹೊಸ ಬೀಗವೇ ಬರುತ್ತದೆ. ಇನ್ನು ಬರೀ "ಬೇರೆ ಕೈ ಮಾಡಿಸುವುದು" ಎಂದರೆ ಹಳೆಯ ಕೈಗೆ ಇನ್ನೊಂದು ಜೊತೆ ಹುಟ್ಟಿತು ಅಷ್ಟೆ. ಅವನ ಹತ್ತಿರ ಇರುವುದು ಆಗಲೂ ತೆಗೆಯುತ್ತದೆ! ನಮ್ಮ ಸದಸ್ಯೆಗೆ ಈ ವ್ಯತ್ಯಾಸ ಗೊತ್ತಿರಲಿಲ್ಲ, ನಮ್ಮಲ್ಲಿ ಅರ್ಧ ಜನಕ್ಕೂ ಗೊತ್ತಿರಲಿಲ್ಲ.

ಚಿತ್ರದುರ್ಗದಂಥ ಪೇಟೆಯ ಮನೆಗಳಲ್ಲಿ, ಬಾಡಿಗೆ ಮನೆಗಳಲ್ಲಿ, ಬಾಗಿಲೊಳಗೇ ಕೂರಿಸಿದ ಬೀಗ ಇರುತ್ತದೆ. ಅದರ ಲೆಕ್ಕ ಬೇರೆ. ಕೈ ತೂರಿಸುವ ಸಿಲಿಂಡರಿನೊಳಗೆ ಸಣ್ಣ ಸಣ್ಣ ಪಿನ್ನುಗಳಿರುತ್ತವೆ. ಕಸುಬು ಬಲ್ಲವನು ಆ ಪಿನ್ನುಗಳನ್ನು ಬದಲಾಯಿಸಿದರೆ, ಇಲ್ಲವೇ ಸಿಲಿಂಡರನ್ನಷ್ಟೇ ಬದಲಾಯಿಸಿದರೆ, ಹಳೆಯ ಕೈಗಳೆಲ್ಲ ಕೆಲಸಕ್ಕೆ ಬಾರದಂತಾಗುತ್ತವೆ. ಬಾಗಿಲು ಕೆತ್ತುವ ಕೆಲಸವಿಲ್ಲ, ಖರ್ಚು ಕಡಿಮೆ, ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಹಾರೆ ಹಾಕಿ ಮೀಟಿದ ಬೀಗ, ಅಲ್ಲಾಡುವ ಬೀಗ ಆಗಿದ್ದರೆ ಪೂರ್ತಿ ತೆಗೆಸಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಮೊದಲೇ ಹೇಳಿ. ಬಾಡಿಗೆ ಕರಾರು ಗಂಡನ ಹೆಸರಿನಲ್ಲಿದೆ ಎಂದು ಅವರು ಅವನ ಕೈಗೆ ಒಂದು ಕೊಟ್ಟುಬಿಟ್ಟರೆ ಮಾಡಿದ್ದೆಲ್ಲ ನೀರಪಾಲು. ಕೆಲಸ ಮಾಡುವಾಗ ಪಕ್ಕದಲ್ಲೇ ನಿಂತಿರಿ. ಊರಿನ ಬೀಗ ರಿಪೇರಿಯವನು ಅವನ ಜೊತೆ ಕೂತು ಕುಡಿಯುವವನಾದರೆ ತಾಲ್ಲೂಕು ಪೇಟೆಯಿಂದ ಬೇರೆಯವನನ್ನು ಕರೆಸಿ.

ಇಷ್ಟೆಲ್ಲ ಮಾಡಿಯೂ ಚಿಲಕದ ಸ್ಕ್ರೂ ಹೊರಗೇ ಕಾಣುತ್ತಿದ್ದರೆ? ಯಾವನಾದರೂ ಎರಡು ನಿಮಿಷದಲ್ಲಿ ಬಿಚ್ಚುತ್ತಾನೆ. ಚಿಲಕಕ್ಕೆ ಬೋಲ್ಟು ಹಾಕಿಸಿ, ನಟ್ಟು ಒಳಗಡೆ ಬರಬೇಕು. ಹಿತ್ತಿಲ ಬಾಗಿಲು ನೋಡಿ. ಮೇಲಿನ ಹಂಚು, ಶೀಟು ನೋಡಿ. ನಮ್ಮ ದುರ್ಗದ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕೇ? ಏಳು ಸುತ್ತಿನ ಕೋಟೆ, ಸುತ್ತಿಗೊಂದು ಹೆಬ್ಬಾಗಿಲು. ಹೈದರಾಲಿಯ ದಂಡು ನುಗ್ಗಲು ನೋಡಿದ್ದು ಒಬ್ಬ ಮನುಷ್ಯ ತೂರುವಷ್ಟು ಕಿಂಡಿಯಲ್ಲಿ. ಓಬವ್ವನ ಒನಕೆಯನ್ನು ಎಲ್ಲರೂ ಹೊಗಳುತ್ತೇವೆ, ನವೆಂಬರ್ 11ಕ್ಕೆ ಜಯಂತಿಯನ್ನೂ ಮಾಡುತ್ತೇವೆ. ನನಗೆ ಒನಕೆಗಿಂತ ಮುಖ್ಯವಾಗಿ ಕಾಣುವುದು, ಶತ್ರು ಎಲ್ಲಿಂದ ಬರುತ್ತಾನೆ ಎಂದು ಅವಳು ಸರಿಯಾಗಿ ನೋಡಿದ್ದು.

ಇನ್ನೊಂದು ಮಾತು. ಹೊರಗೆ ನೇತಾಡುವ ಬೀಗ ನೀವು ಮನೆಯಲ್ಲಿ ಇಲ್ಲದಾಗ ಸಾಮಾನು ಕಾಯುತ್ತದೆ. ರಾತ್ರಿ ನೀವು ಒಳಗಿದ್ದಾಗ ಅದು ಯಾವ ಕೆಲಸಕ್ಕೂ ಬಾರದು, ಆಗ ಬೇಕಾದದ್ದು ಗಟ್ಟಿ ಅಗುಳಿ. ಹಂಡೆ ಉಳಿಸಲು ಬೀಗ ಬದಲಾಯಿಸಿ, ಜೀವ ಉಳಿಸಲು ಅಗುಳಿ ಹಾಕಿಸಿ. ಆದರೆ ಹೆದರಿಕೆಯಿಂದ ಒಳಗಡೆಯೂ ಬೀಗ ಜಡಿದು ಕೈಯನ್ನು ಎಲ್ಲೋ ಬಚ್ಚಿಡಬೇಡಿ. ಬೆಂಕಿ ಬಿದ್ದರೆ ಕತ್ತಲಲ್ಲಿ ಹುಡುಕಲಾಗದು. ಸುಟ್ಟ ಹೆಣ್ಣುಮಕ್ಕಳ ಸುದ್ದಿಯಲ್ಲಿ ಮುಚ್ಚಿದ ಬಾಗಿಲು ಎಷ್ಟು ಸಲ ಬರುತ್ತದೆ ಎಂಬುದು ಈ ಪುಟಗಳನ್ನು ಓದುವ ನಿಮಗೆ ಗೊತ್ತೇ ಇದೆ. ಒಳಗಿನಿಂದ ಒಂದೇ ಕೈಯಲ್ಲಿ ಸರಕ್ಕನೆ ಎಳೆದು ತೆಗೆಯುವಂತಿರಬೇಕು. ಅವನೇ ಹೊರಗಿನಿಂದ ಚಿಲಕ ಹಾಕಿ ನಿಮ್ಮನ್ನು ಕೂಡಿಹಾಕಿದರೆ, ಗಂಡನಾದರೂ ಅದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 127ನೇ ಸೆಕ್ಷನ್ನಿನಲ್ಲಿ ಅಕ್ರಮ ಬಂಧನಕ್ಕೆ ಶಿಕ್ಷೆ ಇದೆ.

ಈಗ ಕಷ್ಟದ ಪ್ರಶ್ನೆ. ಬೀಗ ಬದಲಾಯಿಸುವ ಹಕ್ಕು ನಮಗೆ ಇದೆಯೇ?

"ಗಂಡನನ್ನು ಹೊರಗಿಟ್ಟು ಬೀಗ ಹಾಕುವವಳು ಮನೆಮುರುಕಿ" ಎಂದು ಊರು ಹೇಳುತ್ತದೆ. ಇದೇ ಊರು, ಬಾಣಂತನ ಮುಗಿಸಿ ಕೂಸು ಎತ್ತಿಕೊಂಡು ಬಂದ ಸೊಸೆ ಬಾಗಿಲಲ್ಲಿ ಹೊಸ ಬೀಗ ಕಂಡು ನಿಂತಾಗ ಏನು ಹೇಳುತ್ತದೆ? "ಬಾಕಿ ಹಣದ ವಿಚಾರ ಮಾತಾಡಿಕೊಳ್ಳಿ" ಎನ್ನುತ್ತದೆ. ನಮ್ಮ ಭಾಷೆಯಲ್ಲಿ ಬೀಗಕ್ಕೂ ಬೀಗರಿಗೂ ಒಂದೇ ಅಕ್ಷರದ ವ್ಯತ್ಯಾಸ ಇಟ್ಟವರು ಯಾರೋ ತಿಳಿದೇ ಇಟ್ಟಿರಬೇಕು! ಆ ಬೀಗ ವರದಕ್ಷಿಣೆ ವಸೂಲಿಯ ಸಾಧನ. ಅದನ್ನು ಹಾಕಿದವರನ್ನು ಯಾರೂ ಮನೆಮುರುಕರು ಎನ್ನುವುದಿಲ್ಲ.

ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ 17ನೇ ಸೆಕ್ಷನ್ ಪ್ರಕಾರ, ಹೆಂಗಸಿಗೆ ಆ ಮನೆಯಲ್ಲಿ ಮಾಲೀಕತ್ವ ಇರಲಿ ಇಲ್ಲದಿರಲಿ, ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು ಇದೆ. ಕಾನೂನಿನ ಕ್ರಮ ಬಿಟ್ಟು ಹೊರಹಾಕುವಂತಿಲ್ಲ. ಎರಡು ತಿಂಗಳೂ ಆಗಿರಲಿಲ್ಲ, ಆ ಡಿಸೆಂಬರ್ 15ರಂದೇ ಸುಪ್ರೀಂ ಕೋರ್ಟು ಅದರ ಅರ್ಧ ಶಕ್ತಿ ಕಿತ್ತುಕೊಂಡಿತು. ಬಾತ್ರಾ ಪ್ರಕರಣ ಎಂದು ಹೆಸರಾದ ಅದೂ ಒಂದು ಬೀಗದ ಕತೆಯೇ. ದೆಹಲಿಯ ಅಶೋಕ ವಿಹಾರದಲ್ಲಿ, ತವರಿಗೆ ಹೋಗಿದ್ದ ಸೊಸೆ ವಾಪಸು ಬಂದಾಗ ಮುಂಬಾಗಿಲಿಗೆ ಬೀಗ. ಅವಳು ಕೋರ್ಟಿಗೆ ಹೋದಳು. ಆದೇಶ ಬರುವ ಮುಂಚೆಯೇ ತಂದೆತಾಯಿಯ ಜೊತೆ ಹೋಗಿ ಬೀಗ ಒಡೆದಳು ಎಂಬ ಆರೋಪ ಬಂತು. ಮನೆ ಅತ್ತೆಯ ಹೆಸರಿನಲ್ಲಿದೆ, ಗಂಡನದಲ್ಲ, ಹಾಗಾಗಿ ಸೊಸೆಗೆ ಅಲ್ಲಿ ಇರುವ ಹಕ್ಕಿಲ್ಲ ಎಂದು ತೀರ್ಪಾಯಿತು. ಮನೆಯನ್ನು ಅಪ್ಪನ ಹೆಸರಿಗೋ ಅಮ್ಮನ ಹೆಸರಿಗೋ ಬರೆಸಿ ಕೈತೊಳೆದುಕೊಳ್ಳುವವರಿಗೆ ಹಬ್ಬ. ಅದು ತಪ್ಪು ಎಂದು ಅದೇ ಕೋರ್ಟು ಹೇಳಲು 14 ವರ್ಷ ಬೇಕಾಯಿತು. 2020ರ ಅಕ್ಟೋಬರ್ 15ರ ತೀರ್ಪಿನಲ್ಲಿ, ಮನೆ ಗಂಡನ ಬಂಧುಗಳ ಹೆಸರಿನಲ್ಲಿದ್ದರೂ ಅವಳು ಅಲ್ಲಿ ಸಂಸಾರ ಮಾಡಿದ್ದರೆ ಇರುವ ಹಕ್ಕನ್ನು ಕೇಳಬಹುದು ಎಂದಿತು.

ಆದ್ದರಿಂದ ಅವರು ಹಾಕಿದ ಬೀಗವನ್ನು ನೀವು ಒಡೆಯಬೇಡಿ. ಸಿಟ್ಟು ನನಗೂ ಬರುತ್ತದೆ, ಆದರೆ ಕಲ್ಲು ಎತ್ತಿದ ಗಳಿಗೆಯಿಂದ ಮಾತೆಲ್ಲ ಆ ಕಲ್ಲಿನ ಮೇಲೆಯೇ ನಡೆಯುತ್ತದೆ. ಬೀಗದ ಫೋಟೊ ತೆಗೆಯಿರಿ. 112ಕ್ಕೋ 181ಕ್ಕೋ ಫೋನು ಮಾಡಿ. ತಾಲ್ಲೂಕಿನ ಸಿಡಿಪಿಒ ಅವರೇ ಈ ಕಾಯ್ದೆಯ ರಕ್ಷಣಾಧಿಕಾರಿ, ಅವರ ಬಳಿ ದೂರು ಬರೆಸಿ. ಅರ್ಜಿಯನ್ನು ಗಂಡನ ಊರಿನಲ್ಲೇ ಹಾಕಬೇಕೆಂದಿಲ್ಲ. ಗಂಡನ ಮನೆ ಹಿರಿಯೂರು, ನೀವು ಈಗ ಇರುವ ತವರು ಹೊಳಲ್ಕೆರೆ ಎಂದಾದರೆ ಹೊಳಲ್ಕೆರೆ ಮ್ಯಾಜಿಸ್ಟ್ರೇಟರ ಮುಂದೆಯೇ ಹಾಕಬಹುದು. ತುರ್ತು ಕಂಡರೆ ಎದುರಿನವರನ್ನು ಕೇಳುವ ಮುಂಚೆಯೇ ಮಧ್ಯಂತರ ಆದೇಶ ಕೊಡುವ ಅಧಿಕಾರ ಅವರಿಗೆ ಇದೆ. ಹೆಂಗಸರಿಗೆ ಉಚಿತ ವಕೀಲರು ಕಾನೂನು ಸೇವಾ ಸಮಿತಿಯಿಂದ ಸಿಗುತ್ತಾರೆ.

ಬೀಗ ನೀವು ಹಾಕುವುದಾದರೂ ಅಷ್ಟೇ. ಮನೆ ಅವನದೋ ಅತ್ತೆಯದೋ ಆಗಿದ್ದು, ಆದೇಶವಿಲ್ಲದೆ ಅವನನ್ನು ಹೊರಗಿಟ್ಟರೆ ನಾಳೆ ಠಾಣೆಯಲ್ಲಿ ನೀವೇ ಉತ್ತರ ಹೇಳಬೇಕಾಗುತ್ತದೆ. 19ನೇ ಸೆಕ್ಷನ್ನಿನಲ್ಲಿ ಅವನನ್ನು ಮನೆಯಿಂದ ಹೊರಗಿರಿಸುವ ಆದೇಶ, ಇಲ್ಲವೇ ನೀವಿರುವ ಕೋಣೆಗೆ ಅವನೂ ಅವನ ಕಡೆಯವರೂ ಕಾಲಿಡದಂತೆ ಆದೇಶ ಕೇಳಬಹುದು, ಪೊಲೀಸರು ನೆರವಾಗಬೇಕು ಎಂಬುದನ್ನೂ ಅದರಲ್ಲೇ ಸೇರಿಸಲು ಕೇಳಬಹುದು. ಅತ್ತೆ, ನಾದಿನಿಯರನ್ನು ಮನೆಬಿಡಿಸಲು ಈ ಸೆಕ್ಷನ್ನಿನಲ್ಲಿ ಬರುವುದಿಲ್ಲ. ಅವರೂ ಅಲ್ಲೇ ಇದ್ದರೆ ಕೋಣೆಯ ಬೀಗದ ಮಾತೇ ಸರಿ. ಜೊತೆಗೆ 18ನೇ ಸೆಕ್ಷನ್ನಿನ ರಕ್ಷಣಾ ಆದೇಶವನ್ನೂ ಮರೆಯದೆ ಕೇಳಿ. ಅದನ್ನು ಮುರಿದರೆ 1 ವರ್ಷದವರೆಗೆ ಸಜೆ, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

"ಹೊಡೆದವನು ಒಳಗೆ ಹೋಗಬೇಕು, ಇವಳು ಯಾಕೆ ಬೀಗ ಜಡಿದುಕೊಂಡು ಕೂರಬೇಕು?" ಎಂದು ಸಭೆಯಲ್ಲಿ ಒಬ್ಬ ಹುಡುಗಿ ಕೇಳಿದಳು. ನ್ಯಾಯವಾದ ಮಾತು. ಆದರೆ ಕೋರ್ಟಿನ ತಾರೀಖು ಮುಂದಿನ ವಾರ, ಇವಳು ನಿದ್ದೆ ಮಾಡಬೇಕಾದದ್ದು ಈ ರಾತ್ರಿ. ಎರಡೂ ಒಟ್ಟಿಗೇ ನಡೆಯಲಿ ಎಂದೆವು. ಬೀಗ ಬದಲಾದದ್ದು ಗೊತ್ತಾದ ದಿನವೇ ಅವನ ಸಿಟ್ಟು ಹೆಚ್ಚು ಎಂಬುದನ್ನು ನಾವೆಲ್ಲ ಬಲ್ಲೆವು. ಹಾಗಾಗಿ ಅವಳು ಒಬ್ಬಳೇ ಇರುವ ದಿನ ಬೀಗ ಬದಲಾಯಿಸುವುದು ಬೇಡ ಎಂಬುದೂ ತೀರ್ಮಾನವಾಯಿತು.

ಮೊದಲು ಸಿಡಿಪಿಒ ಕಚೇರಿಗೆ ಹಕ್ಕುಪತ್ರದ ನಕಲು ಹಿಡಿದು ನಾಲ್ವರು ಹೋದೆವು. ಹಕ್ಕುಪತ್ರ ಇದ್ದ ಮೇಲೆ ಆದೇಶ ಯಾಕೆ ಎಂದು ಅವಳು ಗೊಣಗಿದಳು. ಕಾಗದ ಕೈಯಲ್ಲಿದ್ದರೆ ಪೊಲೀಸರು ಬೇಗ ಬರುತ್ತಾರೆ ಎಂದು ಸಮಾಧಾನ ಮಾಡಿದೆವು. ಮಧ್ಯಂತರ ಆದೇಶ ಬಂದ ಮರುದಿನ ಅವನ ಬಟ್ಟೆ, ಆಧಾರ್ ಕಾರ್ಡು, ಪಂಪಿನ ಸಾಮಾನು ಎಲ್ಲ ಪಟ್ಟಿ ಮಾಡಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಅವನ ಅಣ್ಣನಿಗೆ ಒಪ್ಪಿಸಿದೆವು. ಆಮೇಲೆ ಬಡಗಿ ಬಂದು ಚಿಲಕಕ್ಕೆ ಬೋಲ್ಟು ಹಾಕಿ, ಒಳಗೆ ಅಗುಳಿ ಕೂರಿಸಿದ. ಸಂಜೆಯವರೆಗೆ ಐದಾರು ಜನ ಅವಳ ಜಗಲಿಯಲ್ಲೇ ಕೂತು ಹುಣಸೆಹಣ್ಣು ಬಿಡಿಸಿದೆವು.

ಹೊಸ ಬೀಗದ ಜೊತೆ ಮೂರು ಕೈ ಬಂದಿದ್ದವು. ಒಂದನ್ನು ಅವಳು ತಾಳಿಯ ಸರಕ್ಕೆ ಪೋಣಿಸಹೊರಟಳು. ಅಲ್ಲಿ ಬೇಡ, ಸೊಂಟದ ಚೀಲದಲ್ಲಿ ಇರಲಿ ಎಂದು ಅಜ್ಜಿಯೊಬ್ಬರು ತಡೆದರು. ಇನ್ನೊಂದು ಎದುರು ಮನೆಯ ಸದಸ್ಯೆಯ ಹತ್ತಿರ ಇದೆ. ಮೂರನೆಯದು ಸಂಘದ ಪೆಟ್ಟಿಗೆಯಲ್ಲಿದೆ, ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿದ್ದೇವೆ.