ರಂಗಮಂದಿರದ ಕೀಲಿ ನಮಗೆ ಕೊಡಿ

ನಮ್ಮ ನಾಟಕದ ಪ್ರದರ್ಶನ ಇದ್ದದ್ದು ಸಂಜೆ ಆರೂವರೆಗೆ. ಸೆಟ್ಟು, ಪೆಟ್ಟಿಗೆ ಇಳಿಸಿಕೊಂಡು ನಾವು ಬೆಳಿಗ್ಗೆ ಎಂಟಕ್ಕೇ ಜಿಲ್ಲಾ ರಂಗಮಂದಿರದ ಮೆಟ್ಟಿಲ ಮೇಲೆ ಕೂತಿದ್ದೆವು. ಕೀಲಿ ಬಂದಾಗ ಮಧ್ಯಾಹ್ನ ಎರಡು. ಒಳಗೆ ಹಿಂಪರದೆಯ ತುಂಬ ಯಾವುದೋ ಸನ್ಮಾನದ ಫ್ಲೆಕ್ಸ್‌ಗೆ ಹೊಡೆದ ಮೊಳೆಯ ತೂತುಗಳು. ಡಿಮ್ಮರಿನ ಹನ್ನೆರಡು ಚಾನೆಲ್‌ಗಳಲ್ಲಿ ಉಸಿರಾಡುತ್ತಿದ್ದದ್ದು ಐದು. ಬಣ್ಣದ ಕೋಣೆಯ ನಲ್ಲಿಯಲ್ಲಿ ನೀರಿಲ್ಲ; ಮುಖದ ಬಣ್ಣವನ್ನು ಹುಡುಗಿಯರು ಬಾಟಲಿ ನೀರಲ್ಲಿ ತೊಳೆದುಕೊಂಡರು. ಲೈಟುಗಳಿಗೆ ದೂರದ ಊರಿಂದ ಬಾಡಿಗೆ ತೆತ್ತಿದ್ದೆವು. ಆಮೇಲೆ ಗೊತ್ತಾಯಿತು, ನಲವತ್ತು ಕಿಲೋಮೀಟರ್ ಆಚೆಯ ತಾಲ್ಲೂಕಿನ ತಂಡವೊಂದರ ಅಟ್ಟದಲ್ಲಿ ಎಂಟು ಲೈಟುಗಳು ಗೋಣಿಚೀಲ ಹೊದ್ದು ಮಲಗಿದ್ದವು. ನಾವು ಅವರನ್ನು ಕೇಳಿರಲಿಲ್ಲ. ಅವರೂ ಯಾವತ್ತೂ ನಮ್ಮನ್ನು ಕೇಳಿದವರಲ್ಲ.

ಇಂಥದ್ದಕ್ಕೆ ಯಾರೂ ಜಗಳವಾಡುವುದಿಲ್ಲ. ಸರ್ಕಾರ ಬದಲಾದಾಗಲೆಲ್ಲ ನಮ್ಮ ರಂಗಭೂಮಿಯಲ್ಲಿ ಎದ್ದು ನಿಲ್ಲುವ ಜಗಳ ಒಂದೇ: ರಂಗಾಯಣಕ್ಕೆ ನಿರ್ದೇಶಕರು ಯಾರು? ಬಿ.ವಿ. ಕಾರಂತರು 1989ರಲ್ಲಿ ಮೈಸೂರಿನಲ್ಲಿ ಕಟ್ಟಿದ ಸಂಸ್ಥೆ ಈಗ ಧಾರವಾಡ, ಶಿವಮೊಗ್ಗ, ಕಲಬುರಗಿಗೂ ಹರಡಿದೆ. ಆ ಕುರ್ಚಿಗಳು ಯಾವ ಪಕ್ಷದ ಸ್ವತ್ತೂ ಆಗಬಾರದು, ಅದಕ್ಕಾಗಿ ಜಗಳವಾಡಬೇಕಾದ್ದೇ. ಆದರೆ ನಮ್ಮ ಸಿಟ್ಟೆಲ್ಲ ಅಲ್ಲಿಗೇ ಖರ್ಚಾಗಿಹೋಗುತ್ತಿದೆ. ಎಂಥ ಸಮರ್ಥರು ಬಂದು ಕೂತರೂ ಒಂದು ರೆಪರ್ಟರಿ ಹತ್ತಾರು ತಾಲ್ಲೂಕುಗಳ ರಂಗಭೂಮಿಯನ್ನು ಸಾಕಲಾರದು. ಅದು ಸುತ್ತಲಿನ ಹವ್ಯಾಸಿ ತಂಡಗಳು ಒಂದಾಗಿ ಹೊರಬೇಕಾದ ಹೊರೆ.

ಹವ್ಯಾಸಿ ತಂಡಗಳಾದ ನಾವು ಮಾಡುತ್ತಿರುವುದೇನು? ಎರಡು ತಿಂಗಳು ಶಾಲೆಯ ವರಾಂಡದಲ್ಲಿ ತಾಲೀಮು, ಧನಸಹಾಯ ಸಿಕ್ಕಿದರೆ ಎರಡು ಪ್ರದರ್ಶನ, ಆಮೇಲೆ ಸೆಟ್ಟು ಗೆದ್ದಲಿಗೆ. ಒಬ್ಬರ ನಾಟಕಕ್ಕೆ ಇನ್ನೊಬ್ಬರು ಹೋಗುವುದಿಲ್ಲ. ಒಂದೇ ಭಾನುವಾರ ಅಕ್ಕಪಕ್ಕದ ಎರಡು ಊರಲ್ಲಿ ಪ್ರದರ್ಶನ ಇಟ್ಟುಕೊಂಡು, ಜನ ಬರಲಿಲ್ಲವೆಂದು ಇಬ್ಬರೂ ನೊಂದುಕೊಳ್ಳುತ್ತೇವೆ.

ದಾರಿ ಹೊಸದೇನಲ್ಲ. ಹೆಗ್ಗೋಡಿನ ನೀನಾಸಂ 1985ರಲ್ಲಿ ಊರೂರಿಗೆ ನಾಟಕ ಒಯ್ಯುವ ‘ತಿರುಗಾಟ’ ಶುರುಮಾಡಿದಾಗ ಅದನ್ನು ನೆಲೆಗೊಳಿಸಿದ್ದು ನಟರ ಪ್ರತಿಭೆಯೊಂದೇ ಅಲ್ಲ. ಊರೂರಲ್ಲಿ ಊಟ, ವಸತಿ, ವೇದಿಕೆ ಹೊಂದಿಸಿ, ಮನೆಮನೆಗೆ ಹೋಗಿ ಟಿಕೆಟ್ ಮಾರಿದ ಸಂಘಟಕರೂ ನೆಲೆಗೊಳಿಸಿದರು. ಸಾಣೇಹಳ್ಳಿಯ ನಾಟಕ ತಂಡ ಶಿವಸಂಚಾರವೂ ಅದೇ ಬಗೆಯ ನಂಟಿನ ಮೇಲೆ ಊರು ಸುತ್ತುತ್ತ ಬಂದಿದೆ. ಊರುಗಳ ನಡುವೆ ಅಂಥ ನಂಟು ಇರುವಾಗ ತಂಡಗಳ ನಡುವೆ ಯಾಕಿಲ್ಲ?

ತಂಡಗಳು ಕೂಡಿದರೆ ಗುಂಪುಗಾರಿಕೆ ಬರುತ್ತದೆ, ಒಬ್ಬೊಬ್ಬರ ಶೈಲಿ ಕರಗಿಹೋಗುತ್ತದೆ ಎನ್ನುವವರು ನನ್ನ ಗೆಳೆಯರಲ್ಲೇ ಇದ್ದಾರೆ. ಅವರು ಬಾದಾಮಿ ಬನಶಂಕರಿಯ ಜಾತ್ರೆಗೆ ಒಮ್ಮೆ ಹೋಗಿ ಬರಲಿ. ಹಲವು ನಾಟಕ ಕಂಪನಿಗಳು ಅಲ್ಲಿ ಅಕ್ಕಪಕ್ಕದಲ್ಲೇ ತಗಡಿನ ಥಿಯೇಟರ್ ಹಾಕುತ್ತವೆ. ಒಂದೇ ಜಾತ್ರೆಯ ಪ್ರೇಕ್ಷಕರಿಗಾಗಿ ಜಿದ್ದಿನ ಪೈಪೋಟಿ. ಆದರೂ ಎಲ್ಲರೂ ಒಂದೆಡೆ ಇರುವುದರಿಂದಲೇ ನಾಟಕ ನೋಡಲೆಂದೇ ಜನ ಹರಿದು ಬರುತ್ತಾರೆ. ಯಾವ ಕಂಪನಿಯೂ ತನ್ನ ಹಾಸ್ಯವನ್ನಾಗಲಿ ಹಾಡನ್ನಾಗಲಿ ಬಿಟ್ಟುಕೊಟ್ಟಿಲ್ಲ.

ಹಾಗಾಗಿ ನನ್ನ ಬೇಡಿಕೆ ಖಚಿತ. ಜಿಲ್ಲಾ ರಂಗಮಂದಿರದ ನಿರ್ವಹಣೆಯನ್ನು ಆ ಸೀಮೆಯ ತಂಡಗಳ ಜಂಟಿ ಸಮಿತಿಗೆ ಒಪ್ಪಿಸಿ. ದಿನಾಂಕ ಹಂಚುವುದು, ಲೈಟು-ಪರದೆ ನೋಡಿಕೊಳ್ಳುವುದು, ಬಾಡಿಗೆ ಗೊತ್ತುಮಾಡುವುದು ಆ ಸಮಿತಿಯ ಕೆಲಸವಾಗಲಿ. ಸಂಸ್ಕೃತಿ ಇಲಾಖೆ ಲೆಕ್ಕ ಕೇಳಲಿ, ಕೊಡುತ್ತೇವೆ. ಧನಸಹಾಯ ಒಂದು ರಾತ್ರಿಯ ಪ್ರದರ್ಶನಕ್ಕೆ ಬೇಡ, ಒಂದೇ ನಾಟಕ ಐದು ಊರು ಸುತ್ತುವುದಕ್ಕೆ ಸಿಗಲಿ. ನಮ್ಮ ಪಾಲಿನ ಕೆಲಸವೂ ಇದೆ: ಯಾರ ಅಟ್ಟದಲ್ಲಿ ಏನಿದೆ ಎಂಬ ಪಟ್ಟಿ ಎಲ್ಲರ ಕೈಗೂ ಸಿಗಬೇಕು. ಪಕ್ಕದೂರಿನ ನಾಟಕಕ್ಕೆ ಇಪ್ಪತ್ತು ಜನರನ್ನು ನಾವೇ ಕರೆದೊಯ್ಯಬೇಕು.

ಆ ಎಂಟು ಲೈಟುಗಳ ತಂಡದವರ ಮನೆಗೆ ಕಳೆದ ವಾರ ಹೋಗಿದ್ದೆ. ಚೀಲ ಬಿಚ್ಚಿ ಒಂದೊಂದಾಗಿ ಉರಿಸಿ ನೋಡಿದೆವು, ಏಳು ಹೊತ್ತಿಕೊಂಡವು. ಅವು ನಮ್ಮ ಮುಂದಿನ ಪ್ರದರ್ಶನಕ್ಕೆ ಬರುತ್ತವೆ, ನಮ್ಮ ಕಪ್ಪು ಪರದೆಗಳು ಅವರ ನಾಟಕಕ್ಕೆ ಹೋಗುತ್ತವೆ. ಕೀಲಿ ಕೇಳುವ ಅರ್ಜಿಯನ್ನು ಅಲ್ಲೇ ಕೂತು ಬರೆದೆವು. ಈವರೆಗೆ ನಾಲ್ಕು ತಂಡಗಳ ಸಹಿ ಬಿದ್ದಿದೆ.