ಮೂತ್ರ ಪರೀಕ್ಷೆಗೆ ಮೊದಲು ಗಡಿಯಾರ ನೋಡಿ

ಆಗುಂಬೆ ಘಾಟಿ ಇಳಿದು ಸೋಮೇಶ್ವರ, ಹೆಬ್ರಿ, ಪೆರ್ಡೂರು, ಹಿರಿಯಡಕ, ಪರ್ಕಳ ಹಾದು ಮಣಿಪಾಲ ಸೇರುವ ರಾಷ್ಟ್ರೀಯ ಹೆದ್ದಾರಿ 169ಎಯಲ್ಲಿ ಲಾರಿಯೋ ಟಿಪ್ಪರೋ ಮಗುಚಿದ ಮರುದಿನ ಅಂಗಡಿ ಜಗಲಿಗಳಲ್ಲಿ ಒಂದೇ ಮಾತು: ಡ್ರೈವರ್ ಏನೋ ಹಾಕಿಕೊಂಡಿದ್ದಿರಬೇಕು. ಸಂಶಯ ಬಂದ ಯುವಕರನ್ನು ಪೊಲೀಸರು ವೈದ್ಯಕೀಯ ಪರೀಕ್ಷೆಗೆ ಒಯ್ದರು, ಗಾಂಜಾ ಸೇವನೆ ದೃಢಪಟ್ಟಿತು ಎಂಬ ಸುದ್ದಿ ಓದಿ ರೂಢಿಯಾದ ಜಿಲ್ಲೆ ನಮ್ಮ ಉಡುಪಿ. ಹಾಗಾಗಿ ಲಾರಿ ಚಾಲಕರಿಗೂ ಅದೇ ಪರೀಕ್ಷೆ ಕಡ್ಡಾಯವಾಗಲಿ ಎಂದರೆ ತಟ್ಟನೆ ತಲೆಯಾಡಿಸುತ್ತೇವೆ.

ಪರೀಕ್ಷೆ ಬೇಡ ಎನ್ನುವವನು ನಾನಲ್ಲ. ಶಾಲೆ ಬಿಡುವ ಹೊತ್ತಿಗೆ ಜಲ್ಲಿ ತುಂಬಿದ ಟಿಪ್ಪರ್ ಹೆಬ್ರಿ ಪೇಟೆಯ ನಡುವೆ ಬರುತ್ತಿದ್ದರೆ ಸ್ಟಿಯರಿಂಗ್ ಹಿಡಿದವನ ತಲೆ ತಿಳಿಯಾಗಿರಲೇಬೇಕು. ಆದರೆ ಅವನ ಮೂತ್ರ ತೆಗೆದುಕೊಂಡು, ಎಷ್ಟು ಗಂಟೆಯಿಂದ ಆ ಸೀಟಿನಲ್ಲಿ ಕೂತಿದ್ದಿ ಎಂದು ಕೇಳದೆ ಕಳಿಸುವುದು ಸುರಕ್ಷತೆಯ ಹೆಸರಿನಲ್ಲಿ ನಡೆಯುವ ಮೋಸ.

ಮದ್ಯಕ್ಕೆ ಕಾನೂನಿನಲ್ಲಿ ಅಳತೆಯಿದೆ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮೀರಿದರೆ ಅಪರಾಧ. ಮೊದಲ ಸಲಕ್ಕೆ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮಾದಕ ವಸ್ತುವಿಗೆ ಅಂಥ ಅಳತೆಯಿಲ್ಲ. ವಾಹನದ ಮೇಲಿನ ಹಿಡಿತ ತಪ್ಪುವಷ್ಟು ಅಮಲು ಎಂದಷ್ಟೇ ಬರೆದಿದೆ. ಗಾಂಜಾದ ಕುರುಹಾದರೋ ಮೂತ್ರದಲ್ಲಿ ಹಲವು ದಿನ, ನಿತ್ಯ ಸೇದುವವರಲ್ಲಿ ವಾರಗಟ್ಟಲೆ ಉಳಿಯುತ್ತದೆ. ಯಾವಾಗಲೋ ಸೇದಿದ್ದಾನೆ ಎಂದು ಕಿಟ್ ಹೇಳೀತು. ಬ್ರೇಕ್ ಒತ್ತಬೇಕಾದ ಗಳಿಗೆಯಲ್ಲಿ ಅವನು ಹೇಗಿದ್ದ ಎಂದು ಹೇಳದು. ಎರಡು ರಾತ್ರಿ ನಿದ್ದೆಗೆಟ್ಟವನನ್ನು ಹಿಡಿಯುವ ಕಿಟ್ ಅಂತೂ ಯಾವ ಠಾಣೆಯಲ್ಲೂ ಇಲ್ಲ.

ಬೆಂಗಳೂರೂ ಸೇರಿದಂತೆ 10 ನಗರಗಳಲ್ಲಿ ರಸ್ತೆ ಸುರಕ್ಷತೆಗಾಗಿ ದುಡಿಯುವ ಸೇವ್‌ಲೈಫ್ ಫೌಂಡೇಶನ್ ಲಾರಿ ಚಾಲಕರನ್ನು ಮಾತಾಡಿಸಿ 2020ರಲ್ಲಿ ವರದಿ ಕೊಟ್ಟಿತು. ದಿನಕ್ಕೆ ಸರಾಸರಿ ಸುಮಾರು 12 ಗಂಟೆ ಚಾಲನೆ; ದಣಿವಾದರೂ, ಕಣ್ಣು ಎಳೆಯುತ್ತಿದ್ದರೂ ಗಾಡಿ ಓಡಿಸುತ್ತೇವೆ ಎಂದವರು ಹೆಚ್ಚುಕಡಿಮೆ ಅರ್ಧದಷ್ಟು. ಇದು ನಮಗೆ ಹೊಸ ಸಂಗತಿಯೇ? ಮಲ್ಪೆಯ ಮೀನು ಐಸ್ ಕರಗುವ ಮೊದಲು ಮಾರುಕಟ್ಟೆ ಮುಟ್ಟಬೇಕು. ಟಿಪ್ಪರಿನವನಿಗೆ ಟ್ರಿಪ್ ಲೆಕ್ಕದಲ್ಲಿ ದುಡ್ಡು. ಒಂದು ಟ್ರಿಪ್ ತಪ್ಪಿದರೆ ಅಂದಿನ ಬಾಟಾ ಕಡಿಮೆ. ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯಲ್ಲಿ ಘನ ವಾಹನಕ್ಕೆ ನಿರ್ಬಂಧವಿದ್ದಾಗ ತೀರ್ಥಹಳ್ಳಿ ಕಡೆಯ ಲೋಡು ಸಿದ್ದಾಪುರ, ಹುಲಿಕಲ್ ಘಾಟಿ, ಹೊಸನಗರ ಎಂದು ಸುತ್ತಬೇಕು. ನಿರ್ಬಂಧ ಸರಿಯೇ. ಆದರೆ ಆ ಸುತ್ತುದಾರಿಗೆ ತಗಲುವ ಹೊತ್ತನ್ನು ಯಾರ ಲೆಕ್ಕದಿಂದ ಕಳೆಯುತ್ತಾರೆ? ಡ್ರೈವರನ ನಿದ್ದೆಯ ಲೆಕ್ಕದಿಂದಲೇ. ಹಾನ್ಸ್ ತಂಬಾಕು, ಗುಟ್ಕಾ, ನಿದ್ದೆ ಓಡಿಸುವ ಮಾತ್ರೆ, ಕೊನೆಗೆ ಗಾಂಜಾ, ಎಲ್ಲವೂ ಆ ನಿದ್ದೆ ಹೋದ ಜಾಗಕ್ಕೆ ಬಂದು ಕೂತಂಥವು.

ಕಾನೂನು ಇರಲಿಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, 5 ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿರಾಮ ಎಂದಿತ್ತು. ಅದು ಅನ್ವಯಿಸುತ್ತಿದ್ದುದು ಕನಿಷ್ಠ ಐದು ಕಾರ್ಮಿಕರಿದ್ದ ಸಂಸ್ಥೆಗೆ. ಅದನ್ನು ನುಂಗಿಕೊಂಡ 2020ರ ಕಾರ್ಮಿಕ ಸಂಹಿತೆಯಲ್ಲಿ ಆ ಮಿತಿ ಹತ್ತಕ್ಕೇರಿತು. ಒಂದೋ ಎರಡೋ ಲಾರಿ ಇಟ್ಟುಕೊಂಡವರ ಬಳಿ ದುಡಿಯುವ ಚಾಲಕ ಅಂದೂ ಹೊರಗಿದ್ದ, ಈಗ ಇನ್ನಷ್ಟು ಹೊರಗೆ. ಲಾರಿಗಳಿಗೆ ಎ.ಸಿ. ಕ್ಯಾಬಿನ್ ಕಡ್ಡಾಯವಾಗಿದೆ, ಒಳ್ಳೆಯದೇ. ಆದರೆ ಅದು 2025ರ ಅಕ್ಟೋಬರ್‌ನಿಂದ ತಯಾರಾದ ಗಾಡಿಗಳಿಗೆ. ನಮ್ಮ ಕ್ವಾರಿ ದಾರಿಗಳಲ್ಲಿ ಓಡುತ್ತಿರುವ ಹಳೆಯ ಗಾಡಿಗಳಿಗಲ್ಲ.

ಅಮೆರಿಕ ನೋಡಿ, ಅಲ್ಲಿ ಚೀಟಿ ಎತ್ತಿದಂತೆ ಯಾರನ್ನು ಬೇಕಾದರೂ ಕರೆದು ಪರೀಕ್ಷಿಸುತ್ತಾರೆ ಎನ್ನುತ್ತಾರೆ. ನಿಜ. 1991ರಿಂದ ಕಾನೂನಿದೆ, ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರ ರಾಷ್ಟ್ರೀಯ ದಾಖಲೆ 2020ರ ಜನವರಿಯಿಂದ ಇದೆ. ಆದರೆ ಅದೇ ದೇಶದಲ್ಲಿ ಸರಕು ಲಾರಿಯವನು 11 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ಆಮೇಲೆ 10 ಗಂಟೆ ವಿರಾಮ, ಅದನ್ನು ಗಾಡಿಯೊಳಗಿನ ಯಂತ್ರವೇ ಬರೆದಿಡುತ್ತದೆ. ಸಿಕ್ಕಿಬಿದ್ದವನು ತಜ್ಞರ ಮುಂದೆ ಹೋಗಿ, ಚಿಕಿತ್ಸೆ ಮುಗಿಸಿ, ಮರುಪರೀಕ್ಷೆ ಪಾಸಾಗಿ ಕೆಲಸಕ್ಕೆ ಮರಳುವ ದಾರಿಯಿದೆ. ಇಲ್ಲಿ ಮಾದಕ ವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯ 27ನೇ ಸೆಕ್ಷನ್ನಿನಡಿ ಸೇವನೆಯೇ ಅಪರಾಧ. ಸ್ವಇಚ್ಛೆಯಿಂದ ಚಿಕಿತ್ಸೆಗೆ ಬಂದವರಿಗೆ 64ಎ ಸೆಕ್ಷನ್ ರಕ್ಷಣೆ ಕೊಡುತ್ತದೆ. ಅದನ್ನು ಒಬ್ಬ ಕ್ಲೀನರ್ ಹುಡುಗನಿಗೆ ಕೂರಿಸಿ ಹೇಳುವವರು ಯಾರಿದ್ದಾರೆ?

ಗಂಟೆ ಲೆಕ್ಕ ಹಾಕುವುದು ಅಸಾಧ್ಯ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮರಳು, ಜಲ್ಲಿ ಸಾಗಿಸುವ ಗಾಡಿಗೆ ಗಣಿ ಇಲಾಖೆ ಜಿಪಿಎಸ್ ಕಡ್ಡಾಯ ಮಾಡಿದೆ. ಹೆಜಮಾಡಿ, ಸಾಸ್ತಾನ ಟೋಲುಗಳಲ್ಲಿ ಫಾಸ್ಟ್‌ಟ್ಯಾಗ್ ನಿಮಿಷ ಸಮೇತ ಬರೆದಿಡುತ್ತದೆ. ಕಲ್ಲಿನ ರಾಜಧನ ತಪ್ಪಬಾರದೆಂದು, ಟೋಲಿನ ಹಣ ತಪ್ಪಬಾರದೆಂದು ಇಷ್ಟೆಲ್ಲ ಕಣ್ಣು ಇಟ್ಟಿದ್ದೇವೆ. ಗಾಡಿ ಎಲ್ಲಿ ಎಷ್ಟು ಹೊತ್ತು ನಿಂತಿತ್ತು ಎಂಬುದೂ ಅದೇ ದಾಖಲೆಯಲ್ಲಿದೆ. ಸ್ಟಿಯರಿಂಗ್ ಹಿಡಿದವನ ಸಲುವಾಗಿ ಅದನ್ನು ಯಾರೂ ತೆರೆದು ನೋಡಿಲ್ಲ, ಅಷ್ಟೆ.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಮುಂದಿನ ಸಭೆಯಲ್ಲಿ ಡ್ರಗ್ ಪರೀಕ್ಷೆಯ ನಿರ್ಣಯ ಮಾಡುವುದಾದರೆ ಮಾಡಲಿ. ಜತೆಗೇ ಅಪಘಾತವಾದ ಪ್ರತಿ ಲಾರಿಯ ಹಿಂದಿನ 48 ಗಂಟೆಗಳ ಜಿಪಿಎಸ್, ಟೋಲ್ ದಾಖಲೆಯನ್ನು ತನಿಖೆಗೆ ತರಿಸಲಿ, ಆ ಟ್ರಿಪ್ಪಿಗೆ ಸಮಯ ಗೊತ್ತುಮಾಡಿದ ಮಾಲಕನನ್ನೂ ಲೋಡ್ ಕೊಟ್ಟವನನ್ನೂ ಕರೆಸಲಿ. ಮೋಟಾರು ವಾಹನ ಕಾಯ್ದೆಯ 185ರ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಶಿಕ್ಷೆಯೆಂದು ಅದೇ ಕಾಯ್ದೆಯ 188ನೇ ಸೆಕ್ಷನ್ ಹೇಳುತ್ತದೆ. ಗೊತ್ತಿದ್ದೂ ಅಮಲಿನವನ ಕೈಗೆ ಕೀಲಿ ಕೊಟ್ಟು ಕಳಿಸಿದವನ ಮೇಲೆ ಆ ಸೆಕ್ಷನ್ ಹಾಕಲು ಹೆಬ್ರಿ, ಕಾರ್ಕಳ, ಕಾಪು ಠಾಣೆಗಳಿಗೆ ಹೊಸ ಕಾನೂನೇನೂ ಬೇಕಿಲ್ಲ.